ಹೆಡ್‌ಲೈಟಿನ ಮೇಲೆ ಉಗುರುಬಣ್ಣ

ಬಲ್ಬು ಬದಲಾಯಿಸುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕಚ್ಚಿಕೊಂಡ ಸ್ಕ್ರೂ ಬಿಡಿಸುವವರು ಸಿಗುವುದಿಲ್ಲ. ಹಳೇ ಕಾರಿನ ಒಂದೊಂದು ಹೆಡ್‌ಲೈಟಿಗೂ ಎರಡೆರಡು ಸ್ಕ್ರೂ ಇರುತ್ತವೆ ನೋಡಿ, ಒಂದನ್ನು ತಿರುಗಿಸಿದರೆ ಬೆಳಕು ಮೇಲೆ ಕೆಳಗೆ ಹೋಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ಎಡಕ್ಕೆ ಬಲಕ್ಕೆ. ನಾಲ್ಕೈದು ವರ್ಷ ಯಾರೂ ಮುಟ್ಟದಿದ್ದರೆ ತುಕ್ಕು ಹಿಡಿದು ಕೂತುಬಿಡುತ್ತವೆ, ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅವುಗಳ ಬೆನ್ನಿಗೆ ಇರುವುದು ಪ್ಲಾಸ್ಟಿಕ್ಕಿನ ನಟ್ಟು. ತೋಳ್ಬಲ ತೋರಿಸಲು ಹೋದರೆ ಅದು ಪಟಕ್ಕೆಂದು ಸೀಳುತ್ತದೆ. ಆಮೇಲೆ ಲೈಟನ್ನೇ ಬದಲಾಯಿಸಬೇಕು, ಅಷ್ಟು ಹಳೇ ಕಾರಿನ ಲೈಟನ್ನು ಎಲ್ಲಿಂದ ತರುತ್ತೀರಿ?

ಆ ಕೆಲಸಕ್ಕೆ ಇದ್ದವನು ಗೆರೆ ಮೇಸ್ತ್ರಿ. ಅವನ ಗ್ಯಾರೇಜಿನ ಗೋಡೆಯ ಮೇಲೆ ಉದ್ದಕ್ಕೂ ಒಂದು ಕಪ್ಪು ಗೆರೆ ಇತ್ತು. ಕಾರನ್ನು ಎಂಟು ಮಾರು ದೂರ ನಿಲ್ಲಿಸಿ ಲೈಟು ಹಾಕಿದರೆ ಬೆಳಕಿನ ಮೇಲಂಚು ಆ ಗೆರೆಗೆ ಬಂದು ಕೂರಬೇಕು. ಕೂತ ಮೇಲೆ ಇನ್ನೊಂದು ಗೆರೆ. ಹೆಂಡತಿಯ ಕೆಂಪು ಉಗುರುಬಣ್ಣದ ಸೀಸೆ ತೆಗೆದು, ಸ್ಕ್ರೂವಿನ ತಲೆಯಿಂದ ಪಕ್ಕದ ತಗಡಿಗೆ ಸಣ್ಣಗೆ ಒಂದು ಗೀಟು ಎಳೆಯುತ್ತಿದ್ದ. ಯಾರಾದರೂ ಸ್ಕ್ರೂ ತಿರುಗಿಸಿದರೆ ಗೀಟು ಮುರಿಯುತ್ತದೆ. ಹದಿನೈದು ದಿನ ಬಿಟ್ಟು ಬಂದು ‘ಏನ್ರೀ, ಲೈಟು ಎತ್ತೆತ್ತಲೋ ಹೋಗ್ತಿದೆ’ ಎಂದು ಜಗಳಕ್ಕೆ ನಿಂತವರಿಗೆ ಅವನು ಬಾಯಿ ತೆಗೆಯುತ್ತಲೇ ಇರಲಿಲ್ಲ, ಬಾನೆಟ್ ಎತ್ತಿ ಮುರಿದ ಗೀಟು ತೋರಿಸುತ್ತಿದ್ದ. ಅವರು ತೆಪ್ಪಗೆ ಹೋಗುತ್ತಿದ್ದರು. ಹೆಂಡತಿ ಮಾತ್ರ, ಮದುವೆಯಾದಾಗಿನಿಂದ ನನ್ನ ಬೆರಳಿಗಿಂತ ಊರ ಕಾರಿಗೇ ಬಣ್ಣ ಹೆಚ್ಚು ಎಂದು ಗೊಣಗುತ್ತಿದ್ದಳು.

ಸ್ಕ್ರೂ ಬಿಡಿಸುವಾಗ ಅವನ ತಾಳ್ಮೆ ನೋಡಬೇಕಿತ್ತು. ಹಿಂದಿನಿಂದ ಎರಡು ತೊಟ್ಟು ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿರುತ್ತಿದ್ದ. ಮಾರನೇ ದಿನ ಸ್ಕ್ರೂವಿನ ತಲೆಗೆ ಬಿಸಿ ಸಾಲ್ಡರಿಂಗ್ ಕಡ್ಡಿ ಮುಟ್ಟಿಸಿ, ಮೆಲ್ಲಗೆ ತಟ್ಟಿ, ಮತ್ತೆ ಎಣ್ಣೆ. ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಆಗಲೇ ತುಕ್ಕು ಬಿರುಕು ಬಿಡುವುದು. ಕಬ್ಬಿಣದ ಜೊತೆ ಇಷ್ಟು ತಾಳ್ಮೆ ಇಟ್ಟುಕೊಂಡವನು ಮನುಷ್ಯರ ಜೊತೆ ಹಾಗಿರಲಿಲ್ಲ. ಒಮ್ಮೆ ಹೇಳಿದ್ದೇ ಕೊನೆ, ಆಮೇಲೆ ಬ್ರಹ್ಮ ಬಂದರೂ ಬದಲಾಗುತ್ತಿರಲಿಲ್ಲ.

ಇವನಿಗೆ ಒಬ್ಬಳೇ ಅಕ್ಕ. ಅಕ್ಕನ ಗಂಡ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಸಾಧು ಮನುಷ್ಯ, ಆದರೆ ಕೈ ಸುಮ್ಮನಿರದವನು. ಗಡಿಯಾರ, ರೇಡಿಯೋ, ನಲ್ಲಿ, ಮಿಕ್ಸಿ, ಏನು ಕೆಟ್ಟರೂ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ. ಮತ್ತೆ ಜೋಡಿಸಿದಾಗ ಯಾವಾಗಲೂ ಒಂದು ಸ್ಕ್ರೂ ಉಳಿಯುತ್ತಿತ್ತು. ‘ಅದು ಅವರು ಹೆಚ್ಚಿಗೆ ಹಾಕಿರ್ತಾರೆ’ ಎಂದು ಉಳಿದ ಸ್ಕ್ರೂಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಡುತ್ತಿದ್ದ. ತಮಾಷೆಯೆಂದರೆ ಅವನು ಸರಿ ಮಾಡಿದ ವಸ್ತುಗಳು ಓಡುತ್ತಿದ್ದವು. ಭಾವ, ಭಾವಮೈದುನ ಇಬ್ಬರೂ ಸೇರಿದರೆ ಒಬ್ಬರ ಕಾಲು ಒಬ್ಬರು ಎಳೆಯುವುದೇ ಕೆಲಸ. ನನ್ನ ಗ್ಯಾರೇಜಿಗೆ ನೀವು ಬಂದರೆ ಹತ್ತು ವರ್ಷದ ಗಿರಾಕಿಗಳೂ ಓಡಿಹೋಗುತ್ತಾರೆ ಎಂದು ಇವನು, ನಿನ್ನ ಗೋಡೆಯ ಗೆರೆಯೇ ಸೊಟ್ಟ ಎಂದು ಅವನು. ಅಕ್ಕ ನಡುವೆ ಕೂತು ನಗುತ್ತಿದ್ದಳು. ಆ ನಗು ಹೋಗಿ ಒಂಬತ್ತು ವರ್ಷವಾಯಿತು.

ಆಗಿದ್ದು ಇಷ್ಟು. ಒಂದು ಮಧ್ಯಾಹ್ನ ಭಾವ ತನ್ನ ಹಳೇ ಕಾರು ತಂದು ಲೈಟು ಸರಿ ಮಾಡಿಸಿಕೊಂಡು ಹೋದ. ಮಾರನೇ ದಿನ ಕತ್ತಲಾಗುವ ಹೊತ್ತಿಗೆ ಅಕ್ಕನನ್ನು ಕೂರಿಸಿಕೊಂಡು ಹೊರಟವನು, ಪೈಪು ಹಾಕಲು ರಸ್ತೆಗೆ ಅಡ್ಡ ತೋಡಿದ್ದ ಗುಂಡಿಗೆ ಮುಂದಿನ ಚಕ್ರ ಇಳಿಸಿದ. ಭಾವನಿಗೆ ಒಂದು ತರಚು ಗಾಯವೂ ಇಲ್ಲ, ಕಾರಿನ ಗಾಜಿಗೆ ಗೀರೂ ಇಲ್ಲ. ಅಕ್ಕನ ಮಂಡಿ ಮಾತ್ರ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು ಎರಡು ಕಡೆ ಮುರಿಯಿತು.

ಆಸ್ಪತ್ರೆಯ ಓಣಿಯಲ್ಲಿ ಭಾವ ನಿಂತಿದ್ದ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ಲೈಟು ಕಾಲ ಬುಡಕ್ಕೇ ಬೀಳುತ್ತಿತ್ತು, ಗುಂಡಿ ಕಾಣಲೇ ಇಲ್ಲ. ಯಾರ ಮೇಲೂ ತಪ್ಪು ಹೊರಿಸಿದ್ದಲ್ಲ, ಆದದ್ದನ್ನು ಹೇಳಿದ್ದು. ಆದರೆ ಗೆರೆ ಮೇಸ್ತ್ರಿಯ ಕಿವಿಗೆ ಅದು ಬೇರೆ ಥರ ಕೇಳಿಸಿತು. ನಾಲ್ಕು ಜನ ನೆಂಟರ ಮುಂದೆ ಅವನಿಗೆ ರೋಷ ಉಕ್ಕಿತು.

‘ನಾನಿಟ್ಟ ಲೈಟು ಕೆಳಗೆ ಬೀಳೋ ಮಾತೇ ಇಲ್ಲ. ಮನೆಗೆ ಹೋಗಿ ನೀವು ಕೈ ಹಾಕಿದ್ದೀರಿ ಭಾವ. ಎರಡು ಸುತ್ತು ತಿರುಗಿಸಿ ಕೂತಿದ್ದೀರಿ. ನಿಮ್ಮ ಕೈ ತುರಿಕೆಗೆ ನಮ್ಮಕ್ಕನ ಕಾಲು ಹೋಯ್ತು.’

ಗೂಬೆ ಕೂರಿಸಲು ತಲೆ ಸಿಕ್ಕರೆ ಸಾಕು ಜನಕ್ಕೆ. ಅದರಲ್ಲೂ ಉಳಿದ ಸ್ಕ್ರೂಗಳ ಡಬ್ಬಿ ಯಾರಿಗೆ ಗೊತ್ತಿರಲಿಲ್ಲ? ಎಲ್ಲರೂ ತಲೆಯಾಡಿಸಿದರು. ಒಳಗೆ ಮಲಗಿದ್ದ ಅಕ್ಕನಿಗೂ ಸುದ್ದಿ ಮುಟ್ಟಿತು, ಅವಳೂ ನಂಬಿದಳು. ನಾನು ಮುಟ್ಟಿಲ್ಲ, ಮುಟ್ಟಿಲ್ಲ ಎಂದು ಭಾವ ತಿಂಗಳುಗಟ್ಟಲೆ ಹೇಳಿದ. ಒಂದು ದಿನ ಗ್ಯಾರೇಜಿಗೇ ನಡೆದುಕೊಂಡು ಬಂದು, ಒಂದು ಸಲ ಮನೆಗೆ ಬಂದು ಆ ಸ್ಕ್ರೂ ನೋಡಯ್ಯ, ನಿನಗೆ ಗೊತ್ತಾಗುತ್ತಲ್ಲ ಎಂದು ಕೇಳಿಕೊಂಡ. ಇವನು ಕೆಲಸದಿಂದ ತಲೆ ಎತ್ತದೆ, ನೋಡುವುದೇನಿದೆ ಭಾವ ಎಂದ. ಹತ್ತು ನಿಮಿಷದ ಕೆಲಸ ಸ್ವಾಮಿ! ಊರಿನವರ ಕಾರಿಗೆಲ್ಲ ಬಾನೆಟ್ ಎತ್ತಿ ಗೀಟು ನೋಡುವವನು ಅಕ್ಕನ ಗಂಡನ ಕಾರಿಗೆ ಎತ್ತಲಿಲ್ಲ. ಖಾತ್ರಿಯಿತ್ತೋ, ಒಳಗೊಳಗೇ ಭಯವಿತ್ತೋ, ಅವನಿಗೇ ತಿಳಿಯದು.

ಆಮೇಲೆ ಭಾವ ಹೇಳುವುದನ್ನೇ ಬಿಟ್ಟ. ಕಾರಿಗೆ ಟಾರ್ಪಾಲು ಹೊದಿಸಿದ. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಸ್ಕ್ರೂಡ್ರೈವರುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. ಗಡಿಯಾರ ನಿಂತರೆ ನಿಂತೇ ಇರುತ್ತಿತ್ತು. ಅಕ್ಕ ಕಾಲು ಎಳೆಯುತ್ತ ಅಡುಗೆಮನೆಗೂ ಪಡಸಾಲೆಗೂ ಓಡಾಡುವಾಗ, ಸುಮ್ಮನೆ ಇದ್ದಿದ್ದರೆ ಆಗುತ್ತಿರಲಿಲ್ಲವೇ ಎಂಬ ಒಂದು ಮಾತು ಆಗಾಗ ಅವಳ ಬಾಯಿಂದ ಬೀಳುತ್ತಿತ್ತು. ಅವನು ಪತ್ರಿಕೆ ಅಡ್ಡ ಹಿಡಿದುಕೊಳ್ಳುತ್ತಿದ್ದ.

ಈಗ ಅವರ ಮಗಳಿಗೆ ದೂರದ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿ, ಓಡಾಡಲು ಗಾಡಿ ಬೇಕಾಯಿತು. ಇರುವ ಕಾರಿಗೇ ಹೊಸ ಟೈರು, ಬ್ಯಾಟರಿ ಹಾಕಿಸಿದಳು. ಮತ್ತೆ ರಸ್ತೆಗಿಳಿಸಲು ಒಯ್ದಾಗ ಆರ್‌ಟಿಓ ತಪಾಸಣೆಯವರು ಎಲ್ಲ ನೋಡಿ, ಲೈಟು ನೆಲ ನೋಡುತ್ತಿದೆ, ಸ್ಕ್ರೂ ಕಚ್ಚಿಕೊಂಡಿವೆ, ಸರಿ ಮಾಡಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ಅಕ್ಕ ತಮ್ಮನಿಗೆ ಫೋನು ಮಾಡಿದಳು. ಇವನು ಎಣ್ಣೆ ಡಬ್ಬಿ ಹಿಡಿದು ಹೋದ.

ಮೊದಲ ದಿನ ಸಂಜೆ ಕಾರನ್ನು ಅಂಗಳಕ್ಕೆ ತಳ್ಳಿ, ಕಾಂಪೌಂಡ್ ಗೋಡೆಗೆ ಅಳತೆ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಬೆಳಕು ಸಾಕಷ್ಟು ಕಂದಿದ ಮೇಲೆ ಲೈಟು ಹಾಕಿದ. ಗೆರೆಗಿಂತ ಒಂದು ಗೇಣು ಕೆಳಗೆ ಬಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಸಮಾಧಾನವೇ ಆಯಿತು. ನೋಡಿದೆಯಾ ಅಕ್ಕ, ಅವತ್ತು ಭಾವ ತಿರುಗಿಸಿದ್ದು ಹಾಗೇ ಇದೆ ಎಂದು ಬಾಗಿಲಲ್ಲಿ ನಿಂತಿದ್ದವಳಿಗೆ ಹೇಳಿಯೂಬಿಟ್ಟ. ನಾಲಿಗೆಗೆ ಎಲುಬಿಲ್ಲ. ಆಮೇಲೆ ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆಯಲ್ಲಿ ಎಡಗಡೆಯ ಸ್ಕ್ರೂ ಒರೆಸಿದ. ಒಂಬತ್ತು ವರ್ಷದ ಧೂಳು, ಜಿಡ್ಡು ಬಟ್ಟೆಗೆ ಬಂತು. ಕೆಳಗಿನಿಂದ ಕೆಂಪು ಗೀಟು ಎದ್ದಿತು. ಸ್ಕ್ರೂವಿನ ತಲೆಯಿಂದ ತಗಡಿನವರೆಗೆ ಒಂದೇ ಗೀಟು, ಎಲ್ಲೂ ಮುರಿದಿಲ್ಲ.

ಬಲಗಡೆಯದನ್ನು ಒರೆಸಿದ. ಅಲ್ಲೂ ಅಷ್ಟೇ. ನಾಲ್ಕೂ ಸ್ಕ್ರೂ ಅಷ್ಟೇ.

ನಾಲ್ಕಕ್ಕೂ ಎಣ್ಣೆ ಬಿಟ್ಟ. ಊಟ ಮಾಡಿಕೊಂಡು ಹೋಗು ಎಂದ ಅಕ್ಕನಿಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೊರಟ.

ಎರಡನೇ ದಿನ ಅವನು ಬಂದದ್ದು ಸ್ಕ್ರೂ ಬಿಡಿಸಲಿಕ್ಕಲ್ಲ, ತಾನು ತಪ್ಪಿಸಿಕೊಳ್ಳಲು ದಾರಿ ಹುಡುಕಲಿಕ್ಕೆ. ಟೈರಿನ ಗಾಳಿ ಕಡಿಮೆಯಿರಬಹುದು ಎಂದು ನೋಡಿದ, ಸರಿಯಾಗಿತ್ತು. ಮುಂದಿನ ಸ್ಪ್ರಿಂಗ್ ಕುಸಿದಿರಬಹುದು ಎಂದು ನೆಲದಿಂದ ಚಕ್ರದ ಕಮಾನಿನವರೆಗೆ ಟೇಪು ಹಿಡಿದು ಅಳೆದ, ಇರಬೇಕಾದ ಅಳತೆಗೆ ಒಂದು ನೂಲೂ ವ್ಯತ್ಯಾಸವಿಲ್ಲ. ಗುಂಡಿಗೆ ಬಿದ್ದಾಗ ಲೈಟು ಕೂತ ತಗಡು ಬಾಗಿರಬಹುದು ಎಂದು ಬೆರಳಾಡಿಸಿದ, ನೆಟ್ಟಗಿತ್ತು. ಹಾಗಾದರೆ ಲೈಟನ್ನು ನೆಲಕ್ಕೆ ನೆಟ್ಟವನು ತಾನೇ. ಆದರೆ ಹೇಗೆ? ತನ್ನ ಗೋಡೆ, ತನ್ನ ಗೆರೆ, ತನ್ನ ಕಣ್ಣು. ಎಲ್ಲಿ ತಪ್ಪಿತು?

ಜಿಡ್ಡುಗೈ ತೊಳೆಯಲು ಬಚ್ಚಲಿಗೆ ಹೋದ. ನಲ್ಲಿ ತೊಟಕ್ ತೊಟಕ್ ಎಂದು ಸೋರುತ್ತಿತ್ತು. ಸೋಪು ಹಚ್ಚಿಕೊಂಡು ತಲೆ ತಗ್ಗಿಸಿದವನ ಕಣ್ಣು ಕಾಲ ಕೆಳಗಿನ ನೀಲಿ ಟೈಲ್ಸ್ ಮೇಲೆ ನಿಂತಿತು. ಇವನ್ನು ಯಾವಾಗ ಹಾಕಿಸಿದಿರಿ ಎಂದು ಅಲ್ಲಿಂದಲೇ ಕೂಗಿ ಕೇಳಿದ. ನನ್ನ ಕಾಲು ಮುರಿದ ವಾರವೇ ಹಾಕಿಸಬೇಕಿತ್ತು, ಆಮೇಲೆ ಮೂರು ತಿಂಗಳು ಡಬ್ಬದಲ್ಲೇ ಬಿದ್ದಿದ್ದವು ಎಂದಳು ಅಕ್ಕ. ಹನ್ನೆರಡು ಡಬ್ಬ. ಅಂಗಡಿಯಿಂದ ನೇರ ಡಿಕ್ಕಿಯಲ್ಲಿ ತಂದಿದ್ದರಂತೆ, ಬರುವ ದಾರಿಯಲ್ಲಿ ಲೈಟೂ ಮಾಡಿಸಿಕೊಂಡು.

ಗೆರೆ ಮೇಸ್ತ್ರಿ ಸೋಪಿನ ಕೈಯಲ್ಲೇ ನಿಂತ. ಡಿಕ್ಕಿಯಲ್ಲಿ ಭಾರವಿದ್ದರೆ ಕಾರಿನ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ, ಬೆಳಕು ಮೇಲೆ ಹೋಗುತ್ತದೆ. ಆಗ ಅದನ್ನು ಇಳಿಸಿ ಗೆರೆಗೆ ತಂದರೆ, ಮನೆಗೆ ಹೋಗಿ ಭಾರ ತೆಗೆದ ಕೂಡಲೇ ಮೂತಿ ಇಳಿದು ಬೆಳಕು ಚಕ್ರದ ಮುಂದೆಯೇ ಬೀಳುತ್ತದೆ. ಈ ಕಸುಬಿನ ಮೊದಲ ಪಾಠವೇ ಅದು: ಮೊದಲು ಡಿಕ್ಕಿ ತೆಗೆಸು. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯನ್ನೂ ಅವನು ಡಿಕ್ಕಿ ತೆಗೆಸದೆ ಬಿಟ್ಟವನಲ್ಲ. ಭಾವನನ್ನು ಬಿಟ್ಟಿದ್ದ. ಮನೆಯವರ ಗಾಡಿ, ಎರಡು ಗಿರಾಕಿಗಳ ನಡುವೆ ಬೇಗ ಮುಗಿಸಿ ಕಳಿಸೋಣ ಎಂಬ ಸಲಿಗೆ. ಕಾರಿನ ಹಿಂಭಾಗ ಕುಸಿದದ್ದು ಅವತ್ತು ಕಣ್ಣಿಗೂ ಬಿದ್ದಿತ್ತು. ಹಳೇ ಗಾಡಿ, ಸ್ಪ್ರಿಂಗ್ ಸತ್ತಿದೆ ಅಂದುಕೊಂಡಿದ್ದ. ಈಗ ಅದೆಲ್ಲ ನೆನಪಾಗಿ, ಬಚ್ಚಲ ಬಾಗಿಲು ಹಾಕಿಕೊಂಡು ಅತ್ತ.

ಹೇಳುವುದೋ ಬಿಡುವುದೋ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ರೂ ಬಿಡಿಸಿದ ಕ್ಷಣಕ್ಕೆ ಗೀಟು ಮುರಿಯುತ್ತದೆ, ಸಾಕ್ಷಿ ಅಲ್ಲಿಗೆ ಮುಗಿಯಿತು. ಹೇಳಿದರೆ ಅಕ್ಕನ ಮುಖ ನೋಡಬೇಕು. ಅವಳು ಒಂಬತ್ತು ವರ್ಷ ಗಂಡನಿಗೆ ಚುಚ್ಚಿದ್ದು ತಮ್ಮನ ಮಾತು ನಂಬಿಕೊಂಡು. ಆ ರಾತ್ರಿ ಹೆಂಡತಿಗೆ ಮಾತ್ರ ಹೇಳಿದ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ. ಹೊರಿಸಿದವನೇ ಹೋಗಿ ಇಳಿಸಬೇಕು, ಇನ್ಯಾರು ಇಳಿಸುತ್ತಾರೆ ಎಂದಳು.

ಮೂರನೇ ದಿನ ಸಂಜೆ ಮಗಳು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಕ್ಕ, ಭಾವ ಇಬ್ಬರನ್ನೂ ಅಂಗಳಕ್ಕೆ ಕರೆದು ಕುರ್ಚಿ ಹಾಕಿ ಕೂರಿಸಿದ. ಟಾರ್ಚಿನ ಬೆಳಕಲ್ಲಿ ನಾಲ್ಕೂ ಗೀಟು ತೋರಿಸಿ, ಗೀಟು ಎಂದರೇನು ಎಂದು ವಿವರಿಸಿದ. ಲೈಟು ಹಾಕಿದ, ಸೀಮೆಸುಣ್ಣದ ಗೆರೆಯಿಂದ ಗೇಣು ಕೆಳಗೆ. ಆಮೇಲೆ ಮೂಲೆಯಲ್ಲಿ ರಾಶಿ ಹಾಕಿದ್ದ ಇಟ್ಟಿಗೆಗಳನ್ನು ಎರಡೆರಡಾಗಿ ಹೊತ್ತು ಡಿಕ್ಕಿಗೆ ತುಂಬತೊಡಗಿದ. ಐವತ್ತೆಂಟು ವಯಸ್ಸಿನ ಮನುಷ್ಯ, ಬೆವರು ಒರೆಸಿಕೊಳ್ಳದೆ ಹೊತ್ತ. ಗೋಡೆಯ ಮೇಲಿನ ಬೆಳಕು ಬೆರಳು ಬೆರಳಷ್ಟೇ ಏರಿ ಏರಿ, ಕೊನೆಗೆ ಗೆರೆಗೆ ಸರಿಯಾಗಿ ಬಂದು ನಿಂತಿತು. ಅಕ್ಕನ ಕೈ ಬಾಯಿಗೆ ಹೋಯಿತು. ಅವಳಿಗೆ ಅರ್ಥವಾಗಿತ್ತು.

‘ತಪ್ಪು ನನ್ನದು ಭಾವ,’ ಎಂದ ಗೆರೆ ಮೇಸ್ತ್ರಿ. ‘ಡಿಕ್ಕಿ ನೋಡಲಿಲ್ಲ ನಾನು. ನೀವು ಸ್ಕ್ರೂ ಮುಟ್ಟೇ ಇಲ್ಲ. ನಾಲ್ಕು ಜನರ ಮುಂದೆ ನಿಮ್ಮ ಮಾನ ಕಳೆದೆ. ಅದೇ ನಾಲ್ಕು ಜನರನ್ನ ಕರೆಸಿ ಹೇಳ್ತೀನಿ.’

ಭಾವ ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಗೀಟನ್ನು ಹತ್ತಿರದಿಂದ ನೋಡಿದ. ಜೀವನವಿಡೀ ಕರಡು ತಿದ್ದಿದ ಕಣ್ಣು. ನೋಡಿ, ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕ.

‘ನೀನು ಒಳ್ಳೆಯವನು ಕಣಯ್ಯ. ಆದ್ರೆ ತಿರುಗಿಸಿದ್ದು ನಾನೇ. ಮೊದಮೊದಲು ಇಲ್ಲ ಇಲ್ಲ ಅಂತಿದ್ದೆ, ಆಮೇಲೆ ಯೋಚನೆ ಮಾಡ್ತಾ ಮಾಡ್ತಾ ಎಲ್ಲ ನೆನಪಾಯ್ತು. ಟೈಲ್ಸ್ ಇಳಿಸಿದ ಮೇಲೆ ಗೇಟಿನ ಹತ್ರ ನಿಂತು ಬಾನೆಟ್ ಎತ್ತಿದೆ. ಬಿಸಿಲಿತ್ತು. ಹಳದಿ ಹಿಡಿಯ ಸ್ಕ್ರೂಡ್ರೈವರು. ಎರಡು ಸುತ್ತು ತಿರುಗಿಸಿದೆ.’

ಗೆರೆ ಮೇಸ್ತ್ರಿಗೆ ಆ ಲೆಕ್ಕದ ಗುರುತು ಸಿಕ್ಕಿತು. ಎರಡು ಸುತ್ತು ಎಂಬುದು ಆಸ್ಪತ್ರೆಯ ಓಣಿಯಲ್ಲಿ ತಾನು ಬಾಯಿಗೆ ಬಂದಂತೆ ಕೂಗಿದ ಲೆಕ್ಕ. ಆ ಮಾತು ಈ ಮನುಷ್ಯನೊಳಗೆ ಇಳಿದು, ಬಿಸಿಲು, ಗೇಟು, ಹಳದಿ ಹಿಡಿ ಎಲ್ಲ ಸೇರಿಸಿಕೊಂಡು ಅವನ ಸ್ವಂತ ನೆನಪೇ ಆಗಿ ಕೂತಿತ್ತು. ಹಾಗಲ್ಲ ಭಾವ, ತಿರುಗಿಸಿದ್ದರೆ ಗೀಟು ಮುರಿಯಬೇಕಿತ್ತಲ್ಲ ಎಂದು ಮತ್ತೆ ಮತ್ತೆ ಹೇಳಿದ. ಭಾವ ಪ್ರತಿ ಸಲವೂ ತಲೆಯಾಡಿಸಿದ. ಬಣ್ಣ ಆಮೇಲೆ ಇಳಿದು ಕೂಡಿಕೊಂಡಿರಬಹುದು ಎಂದ. ಬಿಡಯ್ಯ, ಒಪ್ಪಿಕೊಂಡ ಮೇಲೆಯೇ ನನಗೆ ನೆಮ್ಮದಿಯಾಗಿ ನಿದ್ದೆ ಬರುತ್ತಿರುವುದು ಎಂದೂ ಹೇಳಿದ.

ಆಗ ಅಕ್ಕ ಕುರ್ಚಿಯಿಂದ ಎದ್ದಳು. ಕಾಲು ಎಳೆಯುತ್ತ ಬಂದು ಗಂಡನ ಎದುರಿಗೆ ನಿಂತಳು.

‘ರೀ, ಅವತ್ತು ದಾರೀಲಿ ನೀವು ಗಾಡಿ ನಿಲ್ಲಿಸಿದ್ರಿ. ಲೈಟು ಯಾಕೋ ಕೆಳಗೆ ಬೀಳ್ತಿದೆ, ವಾಪಸ್ ಹೋಗೋಣ ಅಂದ್ರಿ. ನಾನೇ, ನನ್ನ ತಮ್ಮ ನಿನ್ನೆ ತಾನೇ ಸರಿ ಮಾಡಿದ್ದಾನೆ, ಸುಮ್ನೆ ನಡೀರಿ ಅಂದೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ ನಾನು. ನೀವೂ ಒಂದು ದಿನ ನನ್ನನ್ನ ಕೇಳಲಿಲ್ಲ.’

ಭಾವ ಅವಳ ಮುಖವನ್ನೇ ನೋಡಿದ. ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದ, ಪಾಪ, ಹುಬ್ಬು ಗಂಟು ಹಾಕಿಕೊಂಡು.

‘ಹೌದಾ?’ ಎಂದ. ‘ಗಾಡಿ ನಿಲ್ಲಿಸಿದ್ನಾ? ಅದೊಂದು ನನಗೆ ನೆನಪೇ ಇಲ್ಲ ನೋಡು.’

ಅಕ್ಕ ಅಲ್ಲೇ ಕಾರಿಗೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಯಾಕೆ ಅಳುತ್ತಾಳೆಂದು ತಿಳಿಯದೆ ಭಾವ ಬೆನ್ನು ಸವರಿದ. ಕಾಲು ನೋಯುತ್ತಿದೆಯಾ ಎಂದು ಕೇಳಿದ.

ಇಟ್ಟಿಗೆ ಇಳಿಸುವ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಕೊನೆಯ ಇಟ್ಟಿಗೆ ಇಳಿಸಿ ಬಂದ ಗೆರೆ ಮೇಸ್ತ್ರಿ ಸಾಲ್ಡರಿಂಗ್ ಕಡ್ಡಿ ಬಿಸಿ ಮಾಡಿ ಮುಟ್ಟಿಸಿದ, ತಟ್ಟಿದ, ಎಣ್ಣೆ ಬಿಟ್ಟ. ಸ್ಕ್ರೂ ಸಣ್ಣಗೆ ಕಿರ್ ಅಂದಿತು, ಇನ್ನು ತಿರುಗಿಸಿದರೆ ತಿರುಗುತ್ತದೆ. ಅವನಿಗೆ ಕೈ ಬರಲಿಲ್ಲ. ಏನು ತೋಚಿತೋ ಏನೋ, ಸ್ಕ್ರೂಡ್ರೈವರಿನ ಹಿಡಿಯನ್ನು ಭಾವನ ಕಡೆಗೆ ಚಾಚಿದ.

‘ನೀವೇ ತಿರುಗಿಸಿ ಭಾವ. ನಾನು ಗೋಡೆ ಹತ್ರ ನಿಂತು ಹೇಳ್ತೀನಿ.’

ಭಾವ ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

‘ಬೇಡಪ್ಪ. ನಾನು ಮುಟ್ಟಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ. ನಾಳೆ ನನ್ನ ಮಗಳು ಕೂತ್ಕೊಳ್ಳೋ ಗಾಡಿ ಇದು.’

ಗೆರೆ ಮೇಸ್ತ್ರಿ ಚಾಚಿದ ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದ. ಭಾವನ ಕೈಗಳು ಮುಂದೆ ಬರಲಿಲ್ಲ. ಕೊನೆಗೆ ಅವನೇ ಬಗ್ಗಿ, ಒಂದೊಂದಾಗಿ ನಾಲ್ಕೂ ಸ್ಕ್ರೂ ಬಿಡಿಸಿ, ಬೆಳಕನ್ನು ಗೆರೆಗೆ ಎತ್ತಿ ಕೂರಿಸಿದ. ಗೀಟುಗಳು ಒಂದೊಂದಾಗಿ ಮುರಿದವು. ಭಾವ ಕೈ ಹಿಂದೆ ಕಟ್ಟಿಕೊಂಡೇ ಗೋಡೆಯವರೆಗೆ ನಡೆದುಹೋಗಿ ನೋಡಿ ಬಂದ. ಸರಿಯಾಗಿ ಬಂತು, ಇನ್ನು ಯಾರೂ ಮುಟ್ಟುವುದು ಬೇಡ ಎಂದು ಹೇಳಿ, ಕೈಕಾಲು ತೊಳೆದು ಊಟಕ್ಕೆ ಬಾ ಎಂದು ಭಾವಮೈದುನನನ್ನು ಒಳಗೆ ಕರೆದ.